ನಿನ್ನ ಬ್ಯಾರಕ್ಕಿನಲ್ಲಿ ರೇಡಿಯೋ ಏಕಿಲ್ಲ?

ಪ್ರಿಯ ತಮ್ಮನಿಗೆ ಆಶೀರ್ವಾದಗಳು.

ಸೇನಾ ಬ್ಯಾರಕ್ಕಿನ ನಿನ್ನ ನಗೆನಾಟಕವನ್ನು ಒಂದೇ ಉಸಿರಿಗೆ ಓದಿ ಮುಗಿಸಿದೆ. ಹವಾಲ್ದಾರನ ಬೈಗುಳಕ್ಕೆ ಒಳಮನೆಗೆ ಕೇಳುವಷ್ಟು ಜೋರಾಗಿ ನಕ್ಕೆ. ಎಷ್ಟು ಅಂಕ ಇರಬೇಕು, ಯಾವ ತಂಡಕ್ಕೆ ಕೊಡಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ರಂಗದ ಮೇಲೆ ದುಡಿಯುವವರು ಹೇಳುತ್ತಾರೆ, ನನ್ನನ್ನು ಬಿಡು. ನನ್ನ ತಕರಾರು ಒಂದೇ. ಮೊದಲ ಪುಟದಲ್ಲಿ ನೀನೇ '1999ರ ಜೂನ್' ಎಂದು ಬರೆದಿದ್ದೀಯ. ಆಗ ಕಾರ್ಗಿಲ್‌ನಲ್ಲಿ ಯುದ್ಧ ನಡೆಯುತ್ತಿತ್ತು. ನಿನ್ನ ಜವಾನರಲ್ಲಿ ಒಬ್ಬನೂ ಅದರ ಸುದ್ದಿ ಎತ್ತುವುದಿಲ್ಲ. ಯಾರಾದರೂ ರೇಡಿಯೋ ಹಚ್ಚಬೇಡವೇನಯ್ಯಾ?

'ನಗೆನಾಟಕಕ್ಕೆ ಯುದ್ಧ ಯಾಕೆ ಸರ್' ಅನ್ನುತ್ತೀಯ, ಗೊತ್ತು. ಹಿಂದೆ ಒಬ್ಬ ಸಂಪಾದಕರು ನನ್ನ ಹಾಸ್ಯಲೇಖನದಿಂದ ಒಂದು ಟೆಲಿಗ್ರಾಂ ಬರುವ ಸಾಲನ್ನು ಇದೇ ಮಾತು ಹೇಳಿ ಹೊಡೆದುಹಾಕಿದ್ದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1964ರಿಂದ 1969ರವರೆಗೆ 'ಗೋಮರ್ ಪೈಲ್' ಎಂಬ ಹಾಸ್ಯ ಧಾರಾವಾಹಿ ಬಂತು. ಹಳ್ಳಿಯ ಮುಗ್ಧ ಹುಡುಗನೊಬ್ಬ, ಸಮುದ್ರದಿಂದ ದಡಕ್ಕಿಳಿದು ಕಾದಾಡುವ ಮರೀನ್ ಪಡೆ ಸೇರುತ್ತಾನೆ, ಸಾರ್ಜೆಂಟ್ ಕಾರ್ಟರ್ ಅವನ ಮೇಲೆ ಕೂಗಾಡುತ್ತಾನೆ. 1965ರ ಮಾರ್ಚಿನಲ್ಲಿ ನಿಜವಾದ ಮರೀನ್‌ಗಳು ವಿಯೆಟ್ನಾಮಿನ ಡನಾಂಗ್‌ನಲ್ಲಿ ಇಳಿದರು. 1968ರ ಒಂದೇ ವರ್ಷದಲ್ಲಿ ಅಲ್ಲಿ 16,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಗೋಮರನ ಕ್ಯಾಂಪಿನಲ್ಲಿ ಮಾತ್ರ ವಿಯೆಟ್ನಾಮಿನ ಹೆಸರೇ ಇಲ್ಲ. ಅದೇ ವಾಹಿನಿಯ ಸಂಜೆ ವಾರ್ತೆಯಲ್ಲಿ ಯುದ್ಧ, ಆಮೇಲೆ ಇವನ ತಮಾಷೆ. ಕಾರ್ಟರ್ ಪಾತ್ರ ಮಾಡಿದ ಫ್ರಾಂಕ್ ಸಟನ್ ಎರಡನೇ ಮಹಾಯುದ್ಧದಲ್ಲಿ ಕಾದಾಡಿ ಬಂದವರು. ಯುದ್ಧ ಗೊತ್ತಿದ್ದವರು ಸೆಟ್ಟಿನಲ್ಲೇ ಇದ್ದರು. ಶೀರ್ಷಿಕೆಯ ದೃಶ್ಯದಲ್ಲಿ ಗೋಮರನ ಜೊತೆ ಹೆಜ್ಜೆ ಹಾಕುವವರು ನಿಜವಾದ ಮರೀನ್‌ಗಳು. ಅವರಲ್ಲಿ ಕೆಲವರು ವಿಯೆಟ್ನಾಮಿನಲ್ಲಿ ತೀರಿಕೊಂಡರೆಂದೂ, ಆ ದೃಶ್ಯ ನೋಡಲು ತನಗೆ ಕಷ್ಟವಾಗುತ್ತದೆಂದೂ ಗೋಮರ್ ಪಾತ್ರದ ಜಿಮ್ ನೇಬರ್ಸ್ ಮುಂದೆ ಹೇಳಿಕೊಂಡರು. ವಾರವಾರವೂ ಆ ಮುಖಗಳು ಪರದೆ ಮೇಲೆ ಬರುತ್ತಿದ್ದವು. ಬರೆಯುವವರ ಲೇಖನಿ ಮಾತ್ರ ಅವರ ಕಡೆ ತಿರುಗಲಿಲ್ಲ. ನನಗೆ ಇದು ಅಸಹ್ಯವೆನಿಸುತ್ತದೆ.

ಉಳಿದ ಧಾರಾವಾಹಿಯವರು ಹಳೆಯ ಯುದ್ಧದೊಳಗೆ ಅಡಗಿದರು. 'ಹೋಗನ್ಸ್ ಹೀರೋಸ್' ಎರಡನೇ ಮಹಾಯುದ್ಧದ ಕೈದಿಗಳ ಕಥೆ. ಗೆದ್ದು ಮುಗಿದ ಯುದ್ಧದಲ್ಲಿ ನಗುವುದು ಸುಲಭ.

1972ರಲ್ಲಿ ಬಂದ, ಸೇನಾ ಆಸ್ಪತ್ರೆಯ ಹಾಸ್ಯ ಧಾರಾವಾಹಿ 'ಮ್ಯಾಶ್' ಕೂಡ ಕೊರಿಯಾ ಯುದ್ಧದ ಮರೆಯಲ್ಲೇ ನಿಂತಿತು. ಆದರೆ ಶಸ್ತ್ರಚಿಕಿತ್ಸೆಯ ದೃಶ್ಯಗಳಿಗೆ ಅದನ್ನು ಮಾಡಿದವರು ಧ್ವನಿಮುದ್ರಿತ ನಗೆ ಸೇರಿಸಲು ಒಪ್ಪಲಿಲ್ಲ. 1975ರ ಒಂದು ಕಂತಿನಲ್ಲಿ ಎಲ್ಲರನ್ನೂ ನಗಿಸಿದ ಕರ್ನಲ್ ಬ್ಲೇಕ್ ಮನೆಗೆ ಹೊರಡುತ್ತಾನೆ. ಆಮೇಲೆ ಗುಮಾಸ್ತ ರೇಡಾರ್ ಆಪರೇಷನ್ ಕೋಣೆಗೆ ಬಂದು, ಬ್ಲೇಕ್‌ನ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಿದರೆಂದೂ ಯಾರೂ ಉಳಿದಿಲ್ಲವೆಂದೂ ಹೇಳುತ್ತಾನೆ. ವೈದ್ಯರು ಕೈಯಲ್ಲಿದ್ದ ಕೆಲಸ ನಿಲ್ಲಿಸುವಂತಿಲ್ಲ. ಪ್ರೇಕ್ಷಕರಿಂದ ಸಿಟ್ಟಿನ ಪತ್ರಗಳು ಬಂದವು. ಬರಲಿ ಬಿಡು!

ಯುದ್ಧದ ಮೇಲೆ ಭಾಷಣ ಬರೆ ಎನ್ನುತ್ತಿಲ್ಲ, ಅದಂತೂ ಬೇಡವೇ ಬೇಡ. ಜವಾನರು ಉಣ್ಣುವ ಲಂಗರ್‌ನಲ್ಲಿ ಉಪ್ಪು ಹೆಚ್ಚಾದ ದಾಲಿಗೆ ಆಗುವ ಜಗಳ ನಿನ್ನ ನಾಟಕದ ಜೀವ, ತೆಗೆದರೆ ನಾನು ಸುಮ್ಮನಿರೋದಿಲ್ಲ. ತಟ್ಟೆ ಹಿಡಿದು ನಿಂತವರಲ್ಲಿ ಇಬ್ಬರಿಗೆ ನಾಳೆ ಬೆಳಿಗ್ಗೆ ಹೊರಡುವ ಆದೇಶ ಬಂದಿದೆ, ಉಳಿದವರಿಗೂ ಅದು ಗೊತ್ತು ಅಂದುಕೊ. ಆಗ ಯಾರು ಎಷ್ಟು ಕೂಗುತ್ತಾರೆ, ಯಾರು ಬಾಯಿ ಮುಚ್ಚಿಕೊಂಡು ಉಣ್ಣುತ್ತಾರೆ ಬರೆದು ನೋಡು. ಬರೆದಾದ ಮೇಲೆ ಆ ದೃಶ್ಯ ಒಂದನ್ನೇ ಮೊದಲು ಕಳಿಸು. ಅಕ್ಷರ ಸ್ವಲ್ಪ ದೊಡ್ಡದಿರಲಿ.