ಊಟದ ನಂತರದ ಆಟದ ಅವಧಿಯ ಕುರಿತು

ಮಾನ್ಯ ಪೋಷಕರೆ,

ನಮಸ್ಕಾರ. ಒಂದರಿಂದ ನಾಲ್ಕನೆಯ ತರಗತಿಯ ಮಕ್ಕಳಿಗೆ ಊಟದ ನಂತರ ನೀಡುತ್ತಿರುವ ಆಟದ ಅವಧಿಯನ್ನು ನಿಲ್ಲಿಸಬೇಕು, ಇಲ್ಲವೇ ತರಬೇತುದಾರರಿಗೆ ಒಪ್ಪಿಸಬೇಕು ಎಂದು ಕೆಲವು ಪೋಷಕರು ಬರೆದಿದ್ದಾರೆ. ಕಳೆದ ವಾರ ಲಗೋರಿ ಆಡುತ್ತಿದ್ದ ಮಗುವೊಂದು ಬಿದ್ದು ಮೊಣಕಾಲು ತರಚಿಕೊಂಡದ್ದೇ ಇದಕ್ಕೆ ಕಾರಣ. ಗಾಯ ತೊಳೆದು ಔಷಧಿ ಹಚ್ಚಿ ಆಗಲೇ ಮನೆಗೆ ತಿಳಿಸಿದೆವು. ಮಗು ಮರುದಿನ ಶಾಲೆಗೆ ಬಂದಿತು. ನಿಮ್ಮ ಆತಂಕ ಸಹಜವಾದದ್ದು. ಆದರೂ ಈ ಅವಧಿಯನ್ನು ಶಾಲೆ ನಿಲ್ಲಿಸುವುದಿಲ್ಲ.

ಬೆಳಿಗ್ಗೆ ಏಳುವ ಹೊತ್ತು, ಡಬ್ಬಿಯ ತಿಂಡಿ, ಹತ್ತುವ ವ್ಯಾನು, ಸಂಜೆಯ ಟ್ಯೂಷನ್ ಎಲ್ಲವನ್ನೂ ಮಕ್ಕಳಿಗಾಗಿ ದೊಡ್ಡವರೇ ನಿರ್ಧರಿಸುತ್ತೇವೆ, ನಿರ್ಧರಿಸಲೇಬೇಕು ಕೂಡ. ಎದುರಿಗೆ ಬರುವ ವಾಹನದ ವೇಗವನ್ನು ಸರಿಯಾಗಿ ಅಂದಾಜು ಮಾಡಲಾರದ ಏಳು ವರ್ಷದ ಮಗುವನ್ನು ಹೊರವರ್ತುಲ ರಸ್ತೆ ದಾಟಲು ಒಂಟಿಯಾಗಿ ಬಿಡಲಾಗದು. ಆದರೆ ಬೀದಿಯಲ್ಲಿ ವಾಹನಗಳು ತುಂಬಿರುವ, ಎಷ್ಟೋ ಅಪಾರ್ಟ್‌ಮೆಂಟ್‌ಗಳ ಅಂಗಳದಲ್ಲಿ ಚೆಂಡಾಟವನ್ನೇ ನಿಷೇಧಿಸಿರುವ ನಮ್ಮ ಬೆಂಗಳೂರಿನಲ್ಲಿ, ಏನು ಆಡಬೇಕು, ಯಾರನ್ನು ಸೇರಿಸಿಕೊಳ್ಳಬೇಕು, ಔಟಾದವರು ಒಪ್ಪದಿದ್ದರೆ ಹೇಗೆ ಬಗೆಹರಿಸಬೇಕು ಎಂಬುದನ್ನು ಮಗು ತಾನಾಗಿ ತೀರ್ಮಾನಿಸಲು ಬೇರೆಲ್ಲಿ ಅವಕಾಶವಿದೆ? ಕುಂಟೆಬಿಲ್ಲೆಯ ಗೆರೆ ತುಳಿದರೋ ಇಲ್ಲವೋ ಎಂದು ವಾದಿಸಿ, ಕೋಪಿಸಿಕೊಂಡು, ಮತ್ತೆ ಬಂದು ಸಾಲಿನಲ್ಲಿ ನಿಲ್ಲುವ ಮಕ್ಕಳನ್ನು ನಾವು ದಿನವೂ ನೋಡುತ್ತೇವೆ. ತರಬೇತುದಾರರು ಸೀಟಿ ಊದಿದರೆ ಆ ವಾದವೂ ಇರುವುದಿಲ್ಲ, ಆ ರಾಜಿಯೂ ಇರುವುದಿಲ್ಲ. ತಾನು ಎಷ್ಟು ವೇಗವಾಗಿ ಓಡಬಲ್ಲೆ, ಎಲ್ಲಿ ಜಾರುತ್ತೇನೆ ಎಂಬುದು ಮಗುವಿಗೆ ಓಡಿಯೇ ತಿಳಿಯಬೇಕು.

ಪಾಠ ಹಿಂದೆ ಬೀಳುತ್ತದೆ ಎಂಬ ಮಾತಿಗೆ ಉತ್ತರಿಸುವುದಾದರೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಐದನೆಯ ತರಗತಿಯವರೆಗೆ ವರ್ಷಕ್ಕೆ ನಿಗದಿಪಡಿಸಿರುವ 800 ಗಂಟೆಗಳ ಬೋಧನೆಯಲ್ಲಿ ಒಂದು ಗಂಟೆಯೂ ಕಡಿಮೆಯಾಗಿಲ್ಲ. ಶಾಲೆಗೆ ಆಟದ ಮೈದಾನ ಇರಬೇಕೆಂದು ಹೇಳುವುದೂ ಅದೇ ಕಾಯ್ದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ವಿಶ್ರಾಂತಿಯನ್ನೂ ಆಟವನ್ನೂ ಮಗುವಿನ ಹಕ್ಕೆಂದು ಮಾನ್ಯ ಮಾಡಿದೆ. ಭಾರತವು 1992ರಲ್ಲಿ ಅದನ್ನು ಒಪ್ಪಿಕೊಂಡಿದೆ.

ಇಬ್ಬರು ಶಿಕ್ಷಕರು ಆಟದ ಹೊತ್ತಿನಲ್ಲಿ ಮೈದಾನದಲ್ಲೇ ಇರುತ್ತಾರೆ, ಮಳೆ ಬಂದು ನೆಲ ಜಾರುವಂತಿದ್ದರೆ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಇದಾಗಿಯೂ ತರಚುಗಾಯಗಳು ಆಗುತ್ತವೆ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಮಗುವಿಗೆ ವಿಶೇಷ ಆರೋಗ್ಯ ಸಮಸ್ಯೆಯಿದ್ದಲ್ಲಿ ಖಂಡಿತವಾಗಿ ಬಂದು ಮಾತನಾಡಿ, ಆ ಮಗುವಿಗೆ ಒಗ್ಗುವ ಆಟವನ್ನು ಕೂಡಿಯೇ ಯೋಚಿಸೋಣ. ಆದರೆ ಒಬ್ಬರಿಗಾಗಿ ಎಲ್ಲರ ಆಟವನ್ನು ನಿಲ್ಲಿಸಲು ನಮ್ಮಿಂದಾಗದು.

ಸೋಮವಾರದಿಂದ ಮಗುವಿನ ಚೀಲದಲ್ಲಿ, ಮಣ್ಣಾದರೂ ಅಡ್ಡಿಯಿಲ್ಲದ ಒಂದು ಜೊತೆ ಹಳೆಯ ಬಟ್ಟೆಯನ್ನು ಇಟ್ಟು ಕಳುಹಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ