ಪಾಲುಪಟ್ಟಿಯಲ್ಲಿ ಹೊಲದ ಹೆಸರೂ ಇರಲಿ

ಮಾನ್ಯರೇ,

ಹೋದ ತಿಂಗಳು ನಮ್ಮ ಮನೆಯಲ್ಲಿ ಜಮೀನು ಭಾಗವಾಯಿತು. ಪಾಲುಪಟ್ಟಿಯ ಕರಡು ಓದಿದರೆ ನಮ್ಮದೇ ಹೊಲಗಳ ಗುರುತು ನನಗೆ ಸಿಗಲಿಲ್ಲ. ಸರ್ವೆ ನಂಬರ್, ಹಿಸ್ಸಾ, ಎಕರೆ, ಗುಂಟೆ, ಅಷ್ಟೇ. ಮಾವನವರ ಕಾಲದ ಪತ್ರ ಹಾಗಿರಲಿಲ್ಲ. 'ಆಲೆಮನೆ ಹೊಲವೆಂದು ಕರೆಯುವ' ಅಂತ ಮೊದಲು ಹೆಸರು, ಆಮೇಲೆ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ.

ಮದುವೆಯಾಗಿ ಈ ಊರಿಗೆ ಬಂದಾಗ ಅತ್ತೆ ಮೊದಲು ಕಲಿಸಿದ್ದೇ ಈ ಹೆಸರುಗಳನ್ನು. 'ಐದ್ಕೊಳಗಕ್ಕೆ ಮುದ್ದೆ ತಗೊಂಡೋಗು' ಅಂದರೆ ದಾರಿ ಗೊತ್ತಿರಬೇಕಿತ್ತು. ಐದು ಕೊಳಗ ಬಿತ್ತನೆ ಭತ್ತ ಹಿಡಿಯುವ ಗದ್ದೆ ಅದು. ಹಿಂದೆ ಗದ್ದೆಯ ಅಳತೆ ಬಿತ್ತನೆ ಲೆಕ್ಕದಲ್ಲೇ ಇತ್ತು. 20 ಕೊಳಗಕ್ಕೆ ಒಂದು ಖಂಡುಗ.

ಆಲೆಮನೆ ಹೊಲದಲ್ಲಿ ಈಗ ಆಲೆಮನೆ ಇಲ್ಲ. ಆದರೆ ಉಳುವಾಗ ಬಡಗಣ ಮೂಲೆಯಲ್ಲಿ ಮಾತ್ರ ಕಪ್ಪನೆ ಬೂದಿ ಮಣ್ಣು ಏಳುತ್ತದೆ. ಒಲೆಯ ಇಟ್ಟಿಗೆ ಚೂರು ಕಾಲಿಗೆ ತಗಲುತ್ತವೆ. ಒಂದನ್ನು ತೊಳೆದು ಜಗಲಿ ಮೇಲೆ ಇಟ್ಟಿದ್ದೇನೆ. ಬೆಂಕಿ ತಾಗಿದ ಬದಿ ಗಾಜಿನ ಹಾಗೆ ನುಣುಪಾಗಿದೆ.

ಇನ್ನೊಂದು ರಾಗಿಹೊಲ. ನಾನು ಬಂದಾಗಿನಿಂದ ಅಲ್ಲಿ ಒಂದು ಪೈರು ರಾಗಿ ಕಂಡಿಲ್ಲ, ಬರೀ ಭತ್ತ, ಕಬ್ಬು. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ನಾಲೆ ನೀರು ನಮ್ಮ ಕಡೆ ಹರಿಯುವ ತನಕ ಅದು ಬೆದ್ದಲು, ಮಳೆ ನಂಬಿದ ನೆಲ. ನೀರು ಬಂದು ಗದ್ದೆಯಾಯಿತು, ಹೆಸರು ಹೊಲವೆಂದೇ ಉಳಿಯಿತು. ಸೌಳುಹೊಲ ಅಂತಲೂ ಒಂದಿದೆ. ನೀರು ಜಾಸ್ತಿ ನಿಂತು ಉಪ್ಪೆದ್ದ ನೆಲ. ಬೇಸಿಗೆಯಲ್ಲಿ ಮೇಲೆ ಬೆಳ್ಳಗೆ ಕಾಣುತ್ತದೆ. ಗುತ್ತಿಗೆಗೆ ಕೇಳಿಕೊಂಡು ಬಂದವನಿಗೆ ಆ ಹೆಸರು ಹೇಳಿದರೆ ಸಾಕು, ಮಣ್ಣಿನ ಗುಣ ಗೊತ್ತಾಗುತ್ತದೆ. ಹಿಸ್ಸಾ ನಂಬರ್ ನೋಡಿ ಅದು ತಿಳಿಯುತ್ತಾ?

ನಂಬರ್ ಬೇಡ ಅಂತ ನಾನು ಹೇಳುತ್ತಿಲ್ಲ. ಪಹಣಿಗೆ, ಸಾಲಕ್ಕೆ ಅದು ಬೇಕೇ ಬೇಕು. ಅದರ ಪಕ್ಕದಲ್ಲಿ ಹೆಸರೂ ಬರೆಸಿ ಅಂತ ಭಾಗ ಮಾಡಿಕೊಳ್ಳುವ ಎಲ್ಲ ಮನೆಯವರನ್ನೂ ಕೇಳಿಕೊಳ್ಳುತ್ತೇನೆ. ಒಂದು ಸಾಲಿನ ಕೆಲಸ. ಪತ್ರ ಬರೆಯುವವರೂ ಕೇಳಿ ಬರೆದುಕೊಂಡರೆ ಇನ್ನೂ ಒಳ್ಳೆಯದು.

ನಾನು ಹಠ ಹಿಡಿದು ನಮ್ಮ ಪತ್ರದಲ್ಲಿ ಹೆಸರುಗಳನ್ನೆಲ್ಲ ಸೇರಿಸಿದ್ದೇನೆ. ಆದರೆ ಅಕ್ಕಯ್ಯನ ಗದ್ದೆಯ ಅಕ್ಕಯ್ಯ ಯಾರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮಳವಳ್ಳಿಯಲ್ಲಿರುವ ನಮ್ಮ ಯಜಮಾನರ ಸೋದರತ್ತೆಗೆ ಗೊತ್ತಿರಬಹುದು. ಅವರಿಗೆ ವಯಸ್ಸಾಗಿದೆ. ಈ ಭಾನುವಾರವೇ ಹೋಗಿ ಕೇಳುತ್ತೇನೆ.

– ರೈತ ಮಹಿಳೆ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ