ಹೂಗುಚ್ಛಕ್ಕೆ ಮೊದಲು ಟೇಪು

ಚಳಿ ಮುಗಿಯುವ ಹೊತ್ತಿಗೆ ಪುಣೆಯ ಕಾಲೇಜುಗಳಲ್ಲಿ ಅಥ್ಲೆಟಿಕ್ ತಂಡಗಳ ಕೊನೆಯ ಕೂಟಗಳು ಶುರುವಾಗುತ್ತವೆ. ಅಂತಿಮ ವರ್ಷದವರು ತಮ್ಮದೇ ಮೈದಾನದಲ್ಲಿ ಕಡೆಯ ಬಾರಿ ಓಡುತ್ತಾರೆ. ಅವರಲ್ಲಿ ನಮ್ಮ ಸಂಘದ ಮನೆಗಳ ಮಕ್ಕಳೂ ಇರುತ್ತಾರೆ, ಕೈಜೋಡಿಸಲು ಹೋಗುವ ಅಪ್ಪ-ಅಮ್ಮಂದಿರೂ ಇರುತ್ತಾರೆ. ಶಾಲು, ಹೂಗುಚ್ಛ, ಗ್ರೂಪ್ ಫೋಟೊಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಬರವಿರುವುದು ಸರಿಯಾಗಿ ಅಳೆದ ಟ್ರ್ಯಾಕಿಗೆ. ಮೂರು ವರ್ಷ ಬೆಳಗಿನ ಚಳಿಯಲ್ಲಿ ಎದ್ದು ಓಡಿದವಳಿಗೆ ಕೊಡಬಹುದಾದ ಮೊದಲ ಮರ್ಯಾದೆ ಎಂದರೆ, ಅವಳು ಓಡಿದ 200 ಮೀಟರ್ ನಿಜಕ್ಕೂ 200 ಮೀಟರ್ ಆಗಿರುವುದು.

ಬಾಲೇವಾಡಿ ಕ್ರೀಡಾಂಗಣದಲ್ಲಿ, ಸಣಸ್ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕಿದೆ, ಗೆರೆಗಳು ಕಾಯಮ್ಮಾಗಿವೆ. ಕಾಲೇಜಿನ ಅಂಗಳದಲ್ಲಿ ಹಿಡಿಸುವುದು ಹೆಚ್ಚೆಂದರೆ 200 ಮೀಟರಿನ ಮಣ್ಣಿನ ಟ್ರ್ಯಾಕು. ಅದನ್ನು ಹಾಕುವುದು ಕಷ್ಟವಲ್ಲ. 40 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಪ್ರತಿ ಗೂಟದಿಂದ 18.90 ಮೀಟರ್ ತ್ರಿಜ್ಯದಲ್ಲಿ ಅರ್ಧವೃತ್ತ ಎಳೆಯಿರಿ, ನೇರ ಗೆರೆಗಳಿಂದ ಎರಡನ್ನೂ ಕೂಡಿಸಿ. ಓಟಗಾರ ಒಳಗೆರೆಯಿಂದ 20 ಸೆಂ.ಮೀ. ಆಚೆ ಓಡುತ್ತಾನೆಂದು ಲೆಕ್ಕ. ಹಾಗಾಗಿ ಅವನ ತ್ರಿಜ್ಯ 19.10, ತಿರುವುಗಳೆರಡೂ ಸೇರಿ 120 ಮೀಟರ್, ನೇರ ಓಟ 80. ಮೂಲೆಗಳ ಲಂಬಕ್ಕೆ 6-8-10 ಮೀಟರಿನ ತ್ರಿಕೋನ ಸಾಕು. ಟೇಪು ಉಕ್ಕಿನದೇ ಇರಲಿ, ನೈಲಾನಿನದು ಎಳೆದಷ್ಟೂ ಹಿಗ್ಗುತ್ತದೆ. ಲೇನಿನ ಅಗಲ 1.22 ಮೀಟರ್, ಬಲಗಡೆಯ 5 ಸೆಂ.ಮೀ. ಗೆರೆಯೂ ಅದರಲ್ಲೇ ಸೇರಿದೆ. ಆರು ಲೇನಿಗೆ ಸುಮಾರು 93 ಮೀಟರ್ ಉದ್ದ, 53 ಮೀಟರ್ ಅಗಲದ ಜಾಗ ಬೇಕು.

ಎಡವಟ್ಟಾಗುವುದು ಹೊರ ಲೇನಿನವರನ್ನು ಮುಂದೆ ನಿಲ್ಲಿಸುವ ಅಂತರದಲ್ಲಿ, ಅಂದರೆ ಸ್ಟ್ಯಾಗರ್‌ನಲ್ಲಿ. ಪುಸ್ತಕಗಳಲ್ಲಿರುವ ಕೋಷ್ಟಕ 400 ಮೀಟರ್ ಟ್ರ್ಯಾಕಿನದು. ಅಲ್ಲಿ 200 ಮೀಟರ್ ಓಟಕ್ಕೆ ಒಂದೇ ತಿರುವು, ಎರಡನೆಯ ಲೇನಿಗೆ 3.52 ಮೀಟರ್ ಮುಂದೆ, ಆರನೆಯದಕ್ಕೆ 18.85. ನಮ್ಮ ಸಣ್ಣ ಟ್ರ್ಯಾಕಿನಲ್ಲಿ ಅದೇ ಓಟಕ್ಕೆ ತಿರುವು ಎರಡು. ಪೂರ್ತಿ ಸುತ್ತಿಗೆ ಲೇನೊಂದಕ್ಕೆ ಬೇಕಾದ ಮುನ್ನಡೆ ಲೇನಿನ ಅಗಲವನ್ನು 6.283ರಿಂದ ಗುಣಿಸಿದಷ್ಟು, ಅಂದರೆ 7.67 ಮೀಟರ್. ಮೈದಾನ ದೊಡ್ಡದೋ ಚಿಕ್ಕದೋ, ಈ ಅಂಕಿ ಬದಲಾಗುವುದಿಲ್ಲ. ಆರನೆಯ ಲೇನಿಗೆ ಐದು ಪಟ್ಟು, 38.33. ಕೋಷ್ಟಕವನ್ನು ಹಾಗೇ ನಕಲು ಮಾಡಿದರೆ ಆರನೆಯ ಲೇನಿನ ಹುಡುಗಿ 19 ಮೀಟರಿಗೂ ಹೆಚ್ಚು ದೂರ ಓಡಿ ಕೊನೆಯವಳಾಗುತ್ತಾಳೆ, ‘ಇವತ್ತು ಫಾರ್ಮ್ ಇರಲಿಲ್ಲ’ ಅನ್ನಿಸಿಕೊಳ್ಳುತ್ತಾಳೆ.

ಇದರಲ್ಲೇ ಇನ್ನೊಂದು ಸೂಕ್ಷ್ಮ. 400 ಮೀಟರ್ ಟ್ರ್ಯಾಕಿನ ಒಂದು ಸುತ್ತಿಗೆ ಎರಡನೆಯ ಲೇನಿನ ಸ್ಟ್ಯಾಗರ್ 7.67 ಅಲ್ಲ, 7.04. ಅಲ್ಲಿ ಒಳಬದಿಗೆ ಎತ್ತರಿಸಿದ ಕರ್ಬ್ (ಅಂಚುಪಟ್ಟಿ) ಇರುತ್ತದೆ, ಮೊದಲ ಲೇನನ್ನು ಅದರಿಂದ 30 ಸೆಂ.ಮೀ. ಬಿಟ್ಟು ಅಳೆಯುತ್ತಾರೆ. ಬರೀ ಫಕ್ಕಿಯ (ಬಿಳಿ ಪುಡಿಯ) ಗೆರೆ ಇರುವಲ್ಲಿ 20 ಸೆಂ.ಮೀ. ಮಾತ್ರ. ಸ್ಟ್ಯಾಗರ್ ಅಳೆಯುವಾಗ ಟೇಪನ್ನು ತಿರುವಿಗೆ ಅಡ್ಡವಾಗಿ ನೇರಕ್ಕೆ ಎಳೆಯಬೇಡಿ. ಆಯಾ ಲೇನಿನ ಒಳಗೆರೆಯಿಂದ 20 ಸೆಂ.ಮೀ. ಆಚೆ ಮೀಟರಿಗೊಂದು ಮೊಳೆ ಚುಚ್ಚಿ, ಟೇಪನ್ನು ಬಾಗಿಸುತ್ತಾ ಹೋಗಿ.

ಫಕ್ಕಿ ಎಂದರೆ ಚಾಕ್ ಪುಡಿಯೇ ಆಗಲಿ. ಅಗ್ಗವೆಂದು ಸುಟ್ಟ ಸುಣ್ಣ ತರುವವರಿದ್ದಾರೆ. ಬೆವರಿದ ಚರ್ಮಕ್ಕೆ ತಗುಲಿದರೆ ಸುಡುತ್ತದೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆಯೇ ಗತಿ. ಪುಣೆಯ ಕಪ್ಪು ಮಣ್ಣು ಒಣಗಿದಾಗ ಬಿರಿಯುತ್ತದೆ. ಹಿಂದಿನ ಸಂಜೆ ನೀರು ಚಿಮುಕಿಸಿ, ಅರ್ಧ ಆರಿದ ಮೇಲೆ ರೋಲರ್ ಹಾಯಿಸಿ, ಗೆರೆ ಆಮೇಲೆ.

100 ಮೀಟರ್ ಓಟ ಈ ಟ್ರ್ಯಾಕಿನೊಳಗೆ ಹಿಡಿಸದು. ಸ್ಟಾರ್ಟಿಗೆ ಹಿಂದೆ 3 ಮೀಟರ್, ಫಿನಿಶಿನಾಚೆ 17 ಮೀಟರ್ ಬಿಟ್ಟು ಒಟ್ಟು 120 ಬೇಕು. ಅಷ್ಟಿಲ್ಲದಿದ್ದರೆ 60 ಮೀಟರ್ ಓಡಿಸಿ. ಗೋಡೆಗೆ ಗುದ್ದಿಕೊಳ್ಳುವ ಭಯದಲ್ಲಿ 80ಕ್ಕೇ ವೇಗ ತಗ್ಗಿಸಿದ ಓಟವನ್ನು 100 ಎಂದು ಬರೆಯುವುದರಲ್ಲಿ ಅರ್ಥವಿಲ್ಲ.

ರಿಲೇ ಇಲ್ಲಿ ಎಲ್ಲಕ್ಕಿಂತ ತೊಡಕಿನದು. 4×100 ಪೂರ್ತಿ ಲೇನಿನಲ್ಲೇ ಎಂದರೆ ಎರಡು ಸುತ್ತು. ಹೊರಗಿನ ಪ್ರತಿ ಲೇನಿಗೆ ಸ್ಟಾರ್ಟಿನಲ್ಲಿ 15.33 ಮೀಟರ್ ಮುನ್ನಡೆ, ಮೊದಲ ಬ್ಯಾಟನ್ ಬದಲಿಗೆ 11.50, ಎರಡನೆಯದಕ್ಕೆ 7.67, ಮೂರನೆಯದಕ್ಕೆ 3.83. ಹೀಗೆ ಇಳಿಯುತ್ತಾ ಹೋಗಬೇಕಾದದ್ದನ್ನು ಮೂರೂ ಕಡೆ ಒಂದೇ ಅಳತೆಯಲ್ಲಿ ಎಳೆದುಬಿಡುತ್ತಾರೆ. ಒಂದು ಹೀಟಿಗೆ (ಒಂದು ಸಲದ ಓಟಕ್ಕೆ) ನಾಲ್ಕೇ ತಂಡ ಇಟ್ಟರೆ ನಿಭಾಯಿಸಬಹುದು. ಬದಲಿ ವಲಯ ಈಗ 30 ಮೀಟರ್: ಗುರುತಿನ ಗೆರೆಗೆ 20 ಹಿಂದೆ, 10 ಮುಂದೆ. ಹಳೆಯ ಪುಸ್ತಕದ 20 ಮೀಟರ್ ವಲಯ, ಅದರ ಹಿಂದಿನ 10 ಮೀಟರ್ ಓಟದ ಜಾಗ, ಎರಡೂ ಒಂದಾಗಿವೆ. ವಲಯದೊಳಗೆ ಇರಬೇಕಾದದ್ದು ಬ್ಯಾಟನ್, ಓಟಗಾರನ ಕಾಲಲ್ಲ. ಧ್ವಜ ಹಿಡಿದ ಅಂಪೈರ್ ಕಾಲನ್ನೇ ನೋಡುತ್ತಾ ನಿಂತರೆ ಸರಿಯಾಗಿ ಓಡಿದ ತಂಡವೂ ಹೊರಬೀಳುತ್ತದೆ.

ಗಡಿಯಾರದ ವಿಷಯ. ಸ್ಟಾಪ್‌ವಾಚ್ ಒತ್ತುವುದು ಗನ್ನಿನ ಹೊಗೆ ಕಂಡಾಗ, ಸದ್ದು ಕೇಳಿದಾಗಲ್ಲ. 100 ಮೀಟರ್ ಆಚೆಗೆ ಸದ್ದು ಮುಟ್ಟಲು ಸುಮಾರು 0.29 ಸೆಕೆಂಡ್ ಬೇಕು, ಅಷ್ಟು ಹೊತ್ತು ಓಟಗಾರನಿಗೆ ಪುಕ್ಕಟೆ. ಗನ್ ಇಲ್ಲದಿದ್ದರೆ ಕಪ್ಪು-ಬಿಳಿ ಕ್ಲ್ಯಾಪರ್ (ಬಡಿದು ಸದ್ದು ಮಾಡುವ ಜೋಡಿ ಹಲಗೆ), ಎತ್ತಿ ಹಿಡಿದು. ಬರೀ ಸೀಟಿ ಬೇಡವೇ ಬೇಡ. ಮೊದಲ ಸ್ಥಾನಕ್ಕೆ ಮೂರು ಗಡಿಯಾರ: ಎರಡು ಒಂದೇ ತೋರಿಸಿದರೆ ಅದು, ಮೂರೂ ಬೇರೆಯಾದರೆ ನಡುವಿನದು. ಸರಾಸರಿ ತೆಗೆಯುವ ಕ್ರಮವಿಲ್ಲ. 12.41 ಬಂದರೆ ಬರೆಯುವುದು 12.5, ಕೈಯಲ್ಲಿ ಒತ್ತಿದ ಗಡಿಯಾರದ ಸಮಯ ಯಾವಾಗಲೂ ಮೇಲಿನ ದಶಾಂಶಕ್ಕೆ ಏರುತ್ತದೆ. 12.4 ಎಂದು ಬರೆದುಕೊಡುವ ಔದಾರ್ಯ ಆ ಹುಡುಗನಿಗೇ ಕೇಡು. ಎಲೆಕ್ಟ್ರಾನಿಕ್ ಟೈಮಿಂಗ್ ಇರುವ ಕಡೆ ಓಡಿದಾಗ ತಾನು ನಿಧಾನವಾದೆನೆಂದು ಸುಮ್ಮನೆ ಕುಗ್ಗುತ್ತಾನೆ.

ಎಸೆತಗಳಲ್ಲಿ ಕೋನಮಾಪಕ ಹುಡುಕಬೇಡಿ. ಶಾಟ್‌ಪುಟ್ ಸೆಕ್ಟರಿನ (ಗುಂಡು ಬೀಳಬೇಕಾದ ಜಾಗದ) 34.92 ಡಿಗ್ರಿ ಎಂದರೆ ವೃತ್ತದ ಕೇಂದ್ರದಿಂದ 20 ಮೀಟರ್ ದೂರದಲ್ಲಿ ಎರಡು ಗೆರೆಗಳ ನಡುವೆ 12 ಮೀಟರ್. ಟೇಪಿನ ಸೊನ್ನೆ ಗುಂಡು ಬಿದ್ದ ಗುರುತಿನಲ್ಲಿ, ಇನ್ನೊಂದು ತುದಿ ಕೇಂದ್ರದ ಮೇಲೆ, ಓದುವುದು ವೃತ್ತದ ಮುಂದಿರುವ ಅಡ್ಡಪಟ್ಟಿಯ, ಅಂದರೆ ಸ್ಟಾಪ್‌ಬೋರ್ಡಿನ ಒಳ ಅಂಚಿನಲ್ಲಿ. ಡಿಸ್ಕಸ್‌ಗೆ ಬಲೆಯ ಪಂಜರವಿಲ್ಲದಿದ್ದರೆ ಆ ಸ್ಪರ್ಧೆಯನ್ನೇ ಕೈಬಿಡಿ. ಮೈಸೂರು ಮೂಲದ ವಿಕಾಸ್ ಗೌಡ 2013ರಲ್ಲಿ ಇದೇ ಬಾಲೇವಾಡಿಯಲ್ಲಿ ಏಷ್ಯನ್ ಚಾಂಪಿಯನ್‌ಶಿಪ್‌ನ ಚಿನ್ನ ಎಸೆದದ್ದು ನಮಗೆಲ್ಲ ಹೆಮ್ಮೆ. ಆದರೆ 2 ಕಿಲೊ ತಟ್ಟೆ ಕೈಜಾರಿದರೆ ಯಾವ ಕಡೆ ಹೋದೀತೆಂದು ಹೇಳಲಾಗದು.

ಲಾಂಗ್‌ಜಂಪ್ ಮರಳನ್ನು ಹಿಂದಿನ ದಿನವೇ ಆಳಕ್ಕೆ ಅಗೆದು ತೇವ ಮಾಡಿಡಿ. ಒಣ ಮರಳಿನಲ್ಲಿ ಗುರುತು ಕುಸಿಯುತ್ತದೆ.

ಇನ್ನು ಮುಖ್ಯ ಅತಿಥಿಗಳು. ವಾರ್ಮ್‌ಅಪ್ ಮುಗಿಸಿದ ಸ್ಪ್ರಿಂಟರನ್ನು ಅರ್ಧ ಗಂಟೆ ಸಾಲಿನಲ್ಲಿ ನಿಲ್ಲಿಸಿ ಭಾಷಣ ಕೇಳಿಸಿದರೆ ಮೈ ತಣ್ಣಗಾಗುತ್ತದೆ, ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುವುದು ಹೀಗೆಯೇ. ಅಂತಿಮ ವರ್ಷದವರ ಸನ್ಮಾನ ರಿಲೇ ಆದ ಮೇಲಿರಲಿ. ಆಗ ಅವರೂ ನಿರಾಳವಾಗಿ ನಗುತ್ತಾರೆ, ಫೋಟೊ ಕೂಡ ಚೆನ್ನಾಗಿ ಬರುತ್ತದೆ.

ನೆರವಿಗೆ ಹೋಗುವ ಸದಸ್ಯರಲ್ಲಿ ಕೋರಿಕೆ: ಕೂಟದ ಬೆಳಿಗ್ಗೆಗಿಂತ ಹಿಂದಿನ ಸಂಜೆ ನಾಲ್ಕಕ್ಕೆ ಬನ್ನಿ. ಟೇಪು ಹಿಡಿಯಲು ಇಬ್ಬರು, ಮೊಳೆ-ಸುತ್ತಿಗೆಗೆ ಒಬ್ಬರು, ಅಂಕಿ ಬರೆದುಕೊಳ್ಳಲು ಒಬ್ಬರು ಬೇಕು. ಮನೆಯಲ್ಲಿ 50 ಮೀಟರಿನ ಉಕ್ಕಿನ ಟೇಪಿದ್ದರೆ ತನ್ನಿ. ಗೆರೆ ಎಳೆದಾದ ಮೇಲೆ ಪ್ರತಿ ಲೇನನ್ನೂ ಇನ್ನೊಬ್ಬರು ಹೊಸದಾಗಿ ಅಳೆಯಲಿ, ಮೊದಲು ಅಳೆದವರ ಚೀಟಿ ನೋಡದೆ.